ಮುಂದಿನ ಜಾತ್ರೆಗೆ ಬಾ

ಮಂಗಸೂಳಿಯ ಖಂಡೋಬನ ಗುಡಿಯಲ್ಲಿ ಭಂಡಾರ ಹಾರಿಸಲು ಬರುವವರಲ್ಲಿ ಕನ್ನಡದವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಒಬ್ಬರಿಗೆ ಆತ ಮಲ್ಲಯ್ಯ, ಇನ್ನೊಬ್ಬರಿಗೆ ಖಂಡೇರಾಯ. ಊರಿನ ಪೂರ್ವಕ್ಕೆ ಅಥಣಿ, ವಾಯವ್ಯಕ್ಕೆ ಮಿರಜ ಮತ್ತು ಸಾಂಗಲಿ, ಪಶ್ಚಿಮಕ್ಕೆ ಹೋದರೆ ಕೊಲ್ಹಾಪುರ. 1947ರವರೆಗೆ ಈ ಸೀಮೆ ಒಬ್ಬ ದೊರೆಯ ಕೈಯಲ್ಲಿ ಇರಲಿಲ್ಲ. ಅಥಣಿ, ಚಿಕ್ಕೋಡಿಗಳು ಇಂಗ್ಲಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದರೆ ರಾಯಬಾಗ ಕೊಲ್ಹಾಪುರದ ಛತ್ರಪತಿಗಳದಾಗಿತ್ತು. ಸಾಂಗಲಿ, ಮಿರಜ, ಕುರುಂದವಾಡ, ಜಮಖಂಡಿಗಳು ಪಟವರ್ಧನರ ಬೇರೆ ಬೇರೆ ಮನೆತನಗಳಿಗೆ ಹಂಚಿಹೋಗಿದ್ದವು. 1956ರ ನವೆಂಬರ್ 1ರ ಬಳಿಕ ದೊರೆಗಳ ಗಡಿ ಅಳಿಸಿ ಭಾಷೆಯ ಗಡಿ ಬಂತು. ನಿಪ್ಪಾಣಿ ಯಾರದೆಂಬ ವಾದ 1967ರ ಮಹಾಜನ ಆಯೋಗದ ವರದಿಯ ನಂತರವೂ ನಿಲ್ಲಲಿಲ್ಲ. ಊರಿಗೆ ಊರು, ಸಂಸ್ಥಾನಕ್ಕೆ ಸಂಸ್ಥಾನ, ಮಾತಿಗೆ ಮಾತು ಎದುರುಬದುರಾಗಿ ನಿಂತ ಇಂಥ ನೆಲದಲ್ಲಿ ಪೈಪೋಟಿ ಬಯಲಿಗೆ ಬರುತ್ತಿದ್ದ ದೊಡ್ಡ ಜಾಗವೆಂದರೆ ಜಾತ್ರೆಯ ಕುಸ್ತಿ ಕಣ. ಸಾವಿರಾರು ಜನರ ಮುಂದೆ ಬೆನ್ನಿಗೆ ಮಣ್ಣು ಹತ್ತಿಸಿಕೊಂಡ ಪೈಲ್ವಾನ, ಅವನ ಹಿಂದೆ ಬಂದ ಇಡೀ ಊರು, ಆ ಅವಮಾನವನ್ನು ಹೊತ್ತು ಬಡಿಗೆ ಎತ್ತದೆ ಮನೆಗೆ ಹೋಗುತ್ತಿದ್ದುದು ಹೇಗೆ ಎಂಬುದು ಈ ಲೇಖನದ ಪ್ರಶ್ನೆ.

ಇದಕ್ಕೆ ರೂಢಿಯ ಉತ್ತರ ಒಂದಿದೆ: ಹಿಂದಿನ ಪೈಲ್ವಾನರು ಹನುಮಂತನ ಭಕ್ತರು, ಲಂಗೋಟದ ನೇಮ ಪಾಲಿಸಿದವರು, ಸಿಟ್ಟನ್ನು ಗೆದ್ದವರು. ಈ ಮಾತಿನಲ್ಲಿ ಗೌರವವಿದೆ, ಆದರೆ ಉತ್ತರವಿಲ್ಲ. ಇಪ್ಪತ್ತು ವರ್ಷದ ಹುಡುಗ ಎಷ್ಟೇ ದಂಡ, ಬೈಠಕ್ ಹೊಡೆದಿದ್ದರೂ ಸೋತ ದಿನ ಅವನ ರಕ್ತ ಕುದಿಯದೆ ಇರುವುದಿಲ್ಲ. ನನ್ನ ವಾದ ಬೇರೆ. ಕುಸ್ತಿ ಸೇಡನ್ನು ಅಳಿಸಲಿಲ್ಲ. ಸೇಡಿಗೆ ಒಂದು ದಿನ, ಒಂದು ಕಣ, ಒಬ್ಬ ಪಂಚನನ್ನು ಗೊತ್ತು ಮಾಡಿತು. ಹಿರಿತನ ಎಂದು ನಾವು ಹೊಗಳುವ ಗುಣ ಒಬ್ಬೊಬ್ಬ ಪೈಲ್ವಾನನ ಎದೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಅದನ್ನು ವಸ್ತಾದರು, ಪಂಚರು, ಜಾತ್ರೆ ಕಮಿಟಿಯವರು ಸೇರಿ ತಲೆಮಾರುಗಳ ಕಾಲ ಕಟ್ಟಿದರು. ಅವರು ಹಾಗೆ ಕಟ್ಟಿದ್ದಕ್ಕೆ ಅವರಿಗೆ ಕಾರಣವೂ ಇತ್ತು: ಮುಂದಿನ ವರ್ಷವೂ ಅದೇ ಕಣದಲ್ಲಿ ಕುಸ್ತಿ ನಡೆಯಬೇಕಿತ್ತು.

ಜಾತ್ರೆಯ ಕುಸ್ತಿ ನಡೆಯುವ ಬಗೆಯನ್ನೇ ನೋಡಿ. ಮಧ್ಯಾಹ್ನ ಚಿಕ್ಕ ಹುಡುಗರ ಜೋಡಿಗಳಿಂದ ಶುರುವಾಗಿ, ಹೊತ್ತು ಇಳಿದಂತೆ ಇನಾಮು ಏರುತ್ತ, ಕೊನೆಗೆ ಒಂದನೆ ನಂಬರಿನ ಕುಸ್ತಿಗೆ ಬರುತ್ತದೆ. ಜೋಡಿ ಗೊತ್ತಿಲ್ಲದ ಪೈಲ್ವಾನ ಕೈ ಎತ್ತಿ ಕಣದ ಸುತ್ತ ಒಂದು ಸುತ್ತು ಹಾಕುತ್ತಾನೆ. ಹಿಡಿಯಬಲ್ಲೆ ಎನ್ನುವವನು ಎದ್ದು ಬರುತ್ತಾನೆ. ಪಂಚರು ಇಬ್ಬರನ್ನೂ ಪಕ್ಕಕ್ಕೆ ನಿಲ್ಲಿಸಿ ಎತ್ತರ, ಮೈಕಟ್ಟು, ವಯಸ್ಸು ತೂಗಿ ನೋಡಿ, ಸರಿಯೆನಿಸಿದರೆ ಮಾತ್ರ ಕೈಗೆ ಕೈ ಕೂಡಿಸುತ್ತಾರೆ. ಸರಿಯಿಲ್ಲದಿದ್ದರೆ ಎಷ್ಟೇ ಹಠ ಹಿಡಿದರೂ ಜೋಡಿ ಇಲ್ಲ. ಸೇಡಿನ ಇತಿಹಾಸದಲ್ಲಿ ಇದು ಸಣ್ಣ ವಿಷಯವಲ್ಲ. ಹೋದ ವರ್ಷ ತಮ್ಮನನ್ನು ಕೆಡವಿದವನ ಮೇಲೆ ಈ ವರ್ಷ ದೈತ್ಯನಂಥ ಅಣ್ಣ ಏರಿ ಬರುವುದನ್ನು ಈ ಒಂದು ಪದ್ಧತಿಯೇ ತಡೆಯುತ್ತದೆ. ಕೈ ಕೂಡಿಸಿದ ಮೇಲೆ ಇಬ್ಬರೂ ನೆಲ ಮುಟ್ಟಿ ನಮಸ್ಕರಿಸಿ, ಕಣದ ಕೆಂಪು ಮಣ್ಣನ್ನು ಒಬ್ಬರ ಮೈಗೊಬ್ಬರು ಎರಚುತ್ತಾರೆ. ಬೆವರಿದ ಮೈ ಜಾರದೆ ಹಿಡಿತಕ್ಕೆ ಸಿಗಲಿ ಎಂಬುದು ಅದರ ಉಪಯೋಗ. ನನ್ನನ್ನು ಹಿಡಿಯಲು ನಿನಗೆ ನಾನೇ ಅನುಕೂಲ ಮಾಡಿಕೊಡುತ್ತೇನೆ ಎಂಬ ಒಪ್ಪಂದವೂ ಅದರಲ್ಲಿದೆ. ಹಲಗೆಯವರು ಬಾರಿಸುತ್ತಿರುವಾಗ ಪಂಚ ಇಬ್ಬರ ಪಕ್ಕದಲ್ಲೇ, ಅದೇ ಮಣ್ಣಿನಲ್ಲಿ, ಕೈಗೆಟುಕುವಷ್ಟು ಹತ್ತಿರ ಇರುತ್ತಾನೆ. ಕಣ್ಣಿಗೆ ಬೆರಳು, ಕತ್ತಿಗೆ ಗುದ್ದು ಬಿದ್ದರೆ ಅಲ್ಲಿಯೇ ಬಿಡಿಸಿ ಗದರುತ್ತಾನೆ. ತಪ್ಪು ನಡೆದ ಗಳಿಗೆಯಲ್ಲೇ ತಪ್ಪಿನ ವಿಚಾರಣೆಯೂ ಆಗಿಹೋಗುತ್ತದೆ, ನೋವುಂಡವನ ದೂರು ಮನೆಯವರೆಗೆ ಹೋಗಿ ಹುಳಿಯುವುದಿಲ್ಲ.

ಕುಸ್ತಿಯ ಮೈಲೆಕ್ಕವೂ ಸಿಟ್ಟಿಗೆ ವಿರುದ್ಧವೇ ಇದೆ. ಸಿಟ್ಟಿನಿಂದ ಮುನ್ನುಗ್ಗಿದವನ ಭಾರ ಪೂರ್ತಿ ಮುಂಗಾಲಿನ ಮೇಲೆ ಬೀಳುತ್ತದೆ. ಎದುರಾಳಿ ಧೋಬಿ ಪಛಾಡಿಗೆ ಕಾಯುತ್ತಿರುವುದು ಅದನ್ನೇ. ನುಗ್ಗಿದ ವೇಗವನ್ನೇ ಬಳಸಿ, ಕೈಯನ್ನು ಹೆಗಲ ಮೇಲಿಂದ ಎಳೆದು, ಬೆನ್ನು ಅಡಿಯಾಗಿ ಬೀಳುವಂತೆ ಒಗೆಯುತ್ತಾನೆ. ಹೀಗಾಗಿ ತಾಲೀಮಿನಲ್ಲಿ ವಸ್ತಾದ ಶಿಷ್ಯನ ಕೋಪವನ್ನು ತಡೆಯುವುದು ನೀತಿಪಾಠವಾಗಿ ಮಾತ್ರ ಅಲ್ಲ, ಡಾವಿನ ಪಾಠವಾಗಿ. ಸೋತು ಬಂದ ಹುಡುಗನಿಗೆ ಅವನು ಕೊಡುವುದು ಸಮಾಧಾನದ ಮಾತಿಗಿಂತ ಹೆಚ್ಚಾಗಿ ಒಂದು ವರ್ಷದ ಕೆಲಸ: ಯಾವ ಹಿಡಿತದಲ್ಲಿ ಸಿಕ್ಕಿಬಿದ್ದೆಯೋ ಅದರ ಬಿಡುಗಡೆ ಕಲಿ, ಮುಂದಿನ ಜಾತ್ರೆಗೆ ಅವನನ್ನೇ ಕೇಳು. ಸೇಡಿನ ಆಸೆಯನ್ನು ಮಣ್ಣು ಅಗೆಯುವ ಸಲಿಕೆಗೂ ನಸುಕಿನ ಬೈಠಕ್ಕಿಗೂ ಹೂಡಿದವನು ಆತ. ಇದನ್ನು ಸೇಡಲ್ಲ ಎನ್ನುವುದು ತಪ್ಪು. ಇದು ಸೇಡೇ, ಆದರೆ ಹನ್ನೆರಡು ತಿಂಗಳು ದುಡಿದು ಸಂಪಾದಿಸಬೇಕಾದ ಸೇಡು.

ಕಾಯುವ ಈ ಪದ್ಧತಿಯ ದೊಡ್ಡ ಉದಾಹರಣೆ ಗಾಮಾ ಪೈಲ್ವಾನನ ಬದುಕಿನಲ್ಲಿದೆ. ಗುಜರಾನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ ಗಾಮಾನಿಗಿಂತ ಬಹಳ ಎತ್ತರದವನು, ವಯಸ್ಸಿನಲ್ಲೂ ಹಿರಿಯ. ಇಬ್ಬರ ನಡುವೆ ಹಲವು ಕುಸ್ತಿಗಳು ಸಮವಾಗಿ ಬಿಟ್ಟವು. ಗಾಮಾ ಇಂಗ್ಲೆಂಡಿನಿಂದ ಮರಳಿದ ಮೇಲೆ ಅಲಹಾಬಾದಿನ ಕಣದಲ್ಲಿಯೇ ಅದಕ್ಕೆ ನಿಕಾಲ ಸಿಕ್ಕಿತು, ರಹೀಂ ಸೋತ. ಅದಕ್ಕೂ ಮುನ್ನ, 1910ರ ಸೆಪ್ಟೆಂಬರ್ 10ರಂದು, ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಶ್ಕೊ ಗಾಮಾನ ಎದುರು ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಬಹುಮಟ್ಟಿಗೆ ನೆಲಕ್ಕೆ ಅಂಟಿಕೊಂಡೇ ಕಳೆದು ಸಮ ಮಾಡಿಕೊಂಡಿದ್ದ. ಒಂದು ವಾರದ ಬಳಿಕ ಮತ್ತೆ ಹಿಡಿಯಬೇಕೆಂದು ನಿಗದಿಯಾಗಿತ್ತು, ಅವನು ಬರಲಿಲ್ಲ. ಗಾಮಾನ ಪಾಲಿಗೆ ಇದು ಮೋಸವೇ. ಆದರೂ ಲೆಕ್ಕ ತೀರಿದ್ದು 1928ರ ಜನವರಿಯಲ್ಲಿ, ಪಟಿಯಾಲಾದಲ್ಲಿ, ಪಟಿಯಾಲಾ ಮಹಾರಾಜರು ಕಟ್ಟಿಸಿದ ಕಣದಲ್ಲಿ. ಹದಿನೇಳು ವರ್ಷ ಕಾದ ಕುಸ್ತಿ ಒಂದು ನಿಮಿಷದೊಳಗೆ ಮುಗಿಯಿತು. ಐವತ್ತರ ಹೊಸ್ತಿಲಿನಲ್ಲಿದ್ದ ಇಬ್ಬರು ಮಲ್ಲರು ಅಷ್ಟು ಹಳೆಯ ಲೆಕ್ಕವನ್ನು ಬೀದಿಯಲ್ಲಿ ಅಲ್ಲ, ಪತ್ರಿಕೆಗಳ ಬೈಗುಳದಲ್ಲಿ ಅಲ್ಲ, ಮತ್ತೆ ಮಣ್ಣಿನಲ್ಲಿಯೇ ತೀರಿಸಿದರು.

ಸೇಡನ್ನು ಮಿತಿಗೆ ತರುವ ಈ ಯೋಚನೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಬೇರೆ ಅಧ್ಯಾಯವನ್ನೇ ಇಟ್ಟ. ಮಲ್ಲರನ್ನು ವಯಸ್ಸು, ಬಲ, ಕೌಶಲಗಳ ಮೇಲೆ ದರ್ಜೆ ಮಾಡಿದ. ಕಣದಲ್ಲಿ ನಮ್ಮ ಪಂಚರು ಕಣ್ಣಳತೆಯಲ್ಲಿ ಮಾಡುವ ಕೆಲಸಕ್ಕೆ ಸುಮಾರು ಒಂಬೈನೂರು ವರ್ಷಗಳ ಹಿಂದಿನ ಬರವಣಿಗೆಯ ಸಾಕ್ಷಿ ಇದು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವಂತೂ ಇನ್ನೂ ಸ್ಪಷ್ಟ. ಬೋಳಿಸಿದ ತಲೆಯ ಜಟ್ಟಿಗಳು ಮುಷ್ಟಿಗೆ ಮೊನೆಯ ಆಯುಧ ತೊಟ್ಟು ಎದುರಾಗುತ್ತಾರೆ, ಒಬ್ಬನ ತಲೆಯಿಂದ ಮೊದಲ ರಕ್ತ ಚಿಮ್ಮಿದ ಕೂಡಲೆ ಕಾಳಗ ನಿಲ್ಲುತ್ತದೆ. ಪೆಟ್ಟು ತಿಂದವನಿಗೆ ತಿರುಗಿ ಒಂದು ಪೆಟ್ಟು ಕೊಡುವ ಅವಕಾಶ ಇಲ್ಲ. ಕ್ರೂರವೆಂದು ಕಾಣುವ ಈ ಆಟದ ಜೀವಾಳ ಆ ನಿಲ್ಲಿಸುವಿಕೆಯಲ್ಲಿದೆ.

ನಮ್ಮ ಸೀಮೆಯಲ್ಲಿ ಈ ಪದ್ಧತಿಗೆ ಇಂದಿನ ರೂಪ ಬಂದದ್ದು ಕೊಲ್ಹಾಪುರದ ಶಾಹು ಮಹಾರಾಜರ ಕಾಲದಲ್ಲಿ. 1894ರಲ್ಲಿ ಪಟ್ಟಕ್ಕೆ ಬಂದ ಅವರು 1902ರಲ್ಲಿ ಯುರೋಪಿಗೆ ಹೋಗಿ ರೋಮಿನ ಹಳೆಯ ಕ್ರೀಡಾಂಗಣ ಕಂಡು ಬಂದರು. ಆ ಮಾದರಿಯಲ್ಲಿ ಕಟ್ಟಿದ ಖಾಸಬಾಗ ಮೈದಾನ 1912ರಲ್ಲಿ ತೆರೆಯಿತು. ನಡುವೆ ಮಣ್ಣಿನ ಕಣ, ಸುತ್ತಲೂ ಬಟ್ಟಲಿನ ಅಂಚಿನಂತೆ ಏರುವ ಇಳಿಜಾರು. ಎಲ್ಲಿ ಕೂತರೂ ಕಣ ಕಾಣಬೇಕು ಎಂಬ ಎಣಿಕೆ. ಎಲ್ಲರಿಗೂ ಕಾಣುವಲ್ಲಿ ಮೋಸದ ಗುಮಾನಿ ಕಡಿಮೆ, ಗುಮಾನಿ ಕಡಿಮೆಯಾದಲ್ಲಿ ಜಗಳಕ್ಕೆ ನೆಪವೂ ಕಡಿಮೆ. ಪಂಜಾಬಿನ ಮಲ್ಲರು ಬಂದರು, ಗಲ್ಲಿಗಲ್ಲಿಗೆ ತಾಲೀಮುಗಳು ಎದ್ದವು, ಹಳ್ಳಿಯ ಹುಡುಗರು ಖುರಾಕು ಹುಡುಕಿಕೊಂಡು ಅಲ್ಲಿಗೆ ಹೋದರು. ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ 1934ರಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಹೀಗೆ ಹೋದವರಲ್ಲಿ ಒಬ್ಬರು. ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ ಮೈ ಬೆಳೆಸಿ, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ದೇಶದ ಮೊದಲ ಹಿಂದ್ ಕೇಸರಿಯಾದರು. ಗಡಿ ಎಳೆದು ಮೂರೇ ವರ್ಷವಾಗಿತ್ತು. ಕರ್ನಾಟಕದ ಮಣ್ಣಿನ ಮಗ ಮಹಾರಾಷ್ಟ್ರದ ತಾಲೀಮಿನ ಹೆಸರಿನಲ್ಲಿ ಗೆದ್ದಾಗ ಎರಡೂ ಕಡೆಯವರು ಅವರನ್ನು ನಮ್ಮವರೆಂದರು, 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗಲೂ ಹಾಗೆಯೇ ಎಂದರು. 1977ರಲ್ಲಿ ಹರಿಶ್ಚಂದ್ರ ಬಿರಾಜದಾರ ದೆಹಲಿಯ ಸತಪಾಲರನ್ನು ಚಿತ್ ಮಾಡಿದ ಹೆಸರಾಂತ ಕುಸ್ತಿಗೆ ಕಣವಾದದ್ದು ಬೆಳಗಾವಿ. ಗಡಿ ವಾದ ಕಾವೇರಿದ್ದ ಆ ಊರಿನಲ್ಲಿಯೇ ಭಾಷೆಯ ಲೆಕ್ಕ ಬದಿಗಿಟ್ಟು ಜನ ಕುಸ್ತಿ ನೋಡಿದರು. ಸೋತ ಸತಪಾಲ್ ಮುಂದೆ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ಇಲ್ಲಿ ದೂರದ ಒಂದು ಆಟವನ್ನು ಪಕ್ಕದಲ್ಲಿಟ್ಟು ನೋಡಿದರೆ ವಾದ ಇನ್ನಷ್ಟು ಹರಿತವಾಗುತ್ತದೆ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಪ್ಲೇಆಫ್ ಎಂದರೆ ಒಂದೇ ಎದುರಾಳಿಯೊಡನೆ ಒಂದು ದಿನ ಬಿಟ್ಟು ಒಂದು ದಿನ, ನಾಲ್ಕು ಗೆಲುವು ಆಗುವವರೆಗೆ, ಏಳರತನಕ ಪಂದ್ಯ. ಸೋಮವಾರದ ಪೆಟ್ಟಿಗೆ ಬುಧವಾರ ಉತ್ತರ. ಸಿಟ್ಟು ಆರಲು ಹೊತ್ತೇ ಇಲ್ಲ. 1996ರ ಮೇ 29ರಂದು, ಅಂಥ ಸರಣಿಯ ಆರನೆಯ ಪಂದ್ಯದಲ್ಲಿ, ಕೊಲೊರಾಡೊ ತಂಡದ ಕ್ಲಾಡ್ ಲೆಮ್ಯೂ ಡೆಟ್ರಾಯ್ಟಿನ ಕ್ರಿಸ್ ಡ್ರೇಪರನನ್ನು ಹಿಂದಿನಿಂದ ಗುದ್ದಿ ಕಟಕಟೆಗೆ ಅಪ್ಪಳಿಸಿದ. ಡ್ರೇಪರನ ದವಡೆ, ಮೂಗು, ಕೆನ್ನೆಯ ಎಲುಬು ಮುರಿದವು. ಶಿಕ್ಷೆ ಎರಡು ಪಂದ್ಯಗಳ ನಿಷೇಧ. ಹತ್ತು ತಿಂಗಳು ಕಳೆದು 1997ರ ಮಾರ್ಚ್ 26ರಂದು ಡೆಟ್ರಾಯ್ಟಿನ ಡ್ಯಾರೆನ್ ಮೆಕಾರ್ಟಿ ಮಂಜಿನ ಮೇಲೆ ಲೆಮ್ಯೂನನ್ನು ಹಿಡಿದು ಬಡಿದ, ಎರಡೂ ತಂಡಗಳು ಕೈಕೈ ಮಿಲಾಯಿಸಿದವು, ಗೋಲಿಗಳೂ ಗುದ್ದಾಡಿದರು. ಆ ರಾತ್ರಿ ಗೆಲುವಿನ ಗೋಲು ಹೊಡೆದವನೂ ಮೆಕಾರ್ಟಿಯೇ. ಸೇಡು ಫಲ ಕೊಟ್ಟಿತಲ್ಲ, ಆ ವರ್ಷ ಡೆಟ್ರಾಯ್ಟ್ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತಲ್ಲ ಎಂದು ಅಲ್ಲಿನ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಆದರೆ ಕಪ್ಪಿನ ದಾರಿಯಲ್ಲಿ ಅದೇ ಎರಡು ತಂಡಗಳು ಮೇ ತಿಂಗಳಲ್ಲಿ ಮತ್ತೆ ಎದುರಾದವು. ನಾಲ್ಕನೆಯ ಪಂದ್ಯದಲ್ಲಿ ತಾಳ್ಮೆ ಕಳೆದುಕೊಂಡದ್ದು ಕೊಲೊರಾಡೊ. ಅದರ ಕೋಚ್ ಮಾರ್ಕ್ ಕ್ರಾಫರ್ಡ್ ಎದುರು ಕೋಚ್ ಸ್ಕಾಟಿ ಬೌಮನ್ನನ ಮೇಲೆ ಕೂಗಾಡಿ ಹತ್ತು ಸಾವಿರ ಡಾಲರ್ ದಂಡ ತೆತ್ತ. ಡೆಟ್ರಾಯ್ಟ್ ತನ್ನ ಆಟ ಬಿಡದೆ 6–0ಯಿಂದ ಗೆದ್ದಿತು, ಸರಣಿಯನ್ನೂ ಆರು ಪಂದ್ಯಗಳಲ್ಲಿ ಮುಗಿಸಿತು. ಮಾರ್ಚಿನ ಗುದ್ದಾಟಕ್ಕಿಂತ ಮೇ ತಿಂಗಳ ಈ ಸಂಯಮವೇ ಕಪ್ಪಿಗೆ ಹತ್ತಿರದ ಕಾರಣ ಎಂದು ನಾನು ತಿಳಿಯುತ್ತೇನೆ. ಐಸ್ ಹಾಕಿಯಲ್ಲಿ ತಿರುಗಿ ಹೊಡೆದವನು ದಂಡದ ಪೆಟ್ಟಿಗೆಯಲ್ಲಿ ಕೂರುತ್ತಾನೆ, ತಂಡ ಒಬ್ಬ ಕಡಿಮೆಯಾಗಿ ಆಡುತ್ತದೆ. ಮೊದಲ ಪೆಟ್ಟು ಎಷ್ಟೋ ಸಲ ರೆಫರಿಯ ಕಣ್ಣು ತಪ್ಪಿದರೂ ಎರಡನೆಯದು ತಪ್ಪುವುದಿಲ್ಲ.

ಈ ಪ್ರಕರಣ ನನ್ನ ವಾದಕ್ಕೆ ಒಂದು ತೊಡಕನ್ನೂ ತರುತ್ತದೆ. ಜಾತ್ರೆಯಿಂದ ಜಾತ್ರೆಗೆ ಇರುವ ಅಂತರವೇ ಸಿಟ್ಟನ್ನು ಆರಿಸುತ್ತದೆ ಎಂದಾದರೆ, ಹತ್ತು ತಿಂಗಳ ಬಳಿಕವೂ ಡೆಟ್ರಾಯ್ಟಿನ ಸಿಟ್ಟು ಆರಲಿಲ್ಲವೇಕೆ? ಬರೀ ಕಾಲ ಸಾಲದು ಎಂಬುದೇ ಉತ್ತರ. ಡ್ರೇಪರನ ಮುಖ ಮುರಿದದ್ದಕ್ಕೆ ತಕ್ಕ ವಿಚಾರಣೆ ಆಯಿತೆಂದು ಅವನ ಜೊತೆಗಾರರಿಗೆ ಅನಿಸಲಿಲ್ಲ. ದೂರು ಕೇಳಿಸಿಕೊಳ್ಳದೆ ಕಾಲ ಕಳೆದರೆ ಸಿಟ್ಟು ತಣಿಯುವುದಿಲ್ಲ, ಹೆಪ್ಪುಗಟ್ಟುತ್ತದೆ. ಅದೇ ಐಸ್ ಹಾಕಿಯಲ್ಲಿ, 2004ರ ಫೆಬ್ರವರಿಯಲ್ಲಿ, ವ್ಯಾಂಕೂವರ್ ತಂಡದ ನಾಯಕನಿಗೆ ಎದುರು ತಂಡದ ಸ್ಟೀವ್ ಮೂರ್ ಕೊಟ್ಟ ಪೆಟ್ಟಿಗೆ ಶಿಕ್ಷೆಯೇ ಆಗಲಿಲ್ಲ. ಮೂರು ವಾರಗಳ ಬಳಿಕ, ಮಾರ್ಚ್ 8ರಂದು, ವ್ಯಾಂಕೂವರಿನ ಟಾಡ್ ಬರ್ಟುಜ್ಜಿ ಅವನನ್ನು ಹಿಂದಿನಿಂದ ಹೊಡೆದು ಕೆಡವಿದ, ಮೂರ್‌ನ ಕತ್ತಿನ ಎಲುಬು ಮುರಿಯಿತು, ಅವನು ಮತ್ತೆಂದೂ ಆಡಲಿಲ್ಲ. ಜಾತ್ರೆಯ ಕಣದಲ್ಲಿ ಅಂತರದ ಜೊತೆಗೆ ಇನ್ನೆರಡು ಸಂಗತಿಗಳಿದ್ದವು: ಸ್ಥಳದಲ್ಲೇ ತೀರ್ಪು ಹೇಳುವ ಪಂಚ, ಮತ್ತೆ ಹಿಡಿಯಲು ಎಲ್ಲರೆದುರು ಕೊಟ್ಟ ಮಾತು. ಮೂರೂ ಕೂಡಿದಾಗ ಮಾತ್ರ ಸೇಡು ಕುಸ್ತಿಯಾಗಿ ಉಳಿಯುತ್ತಿತ್ತು.

ಇದು ಹಳೆಯದನ್ನು ಚಂದ ಮಾಡಿ ಹೇಳುವ ಮಾತು ಎಂದು ಆಕ್ಷೇಪಿಸುವವರಿಗೆ ಗಟ್ಟಿಯಾದ ಆಧಾರಗಳಿವೆ. ಕುಸ್ತಿಯ ಜನರೆಲ್ಲ ಶಾಂತರೇನಲ್ಲ: 2021ರ ಮೇ ತಿಂಗಳಲ್ಲಿ ದೆಹಲಿಯ ಛತ್ರಸಾಲ್ ಕ್ರೀಡಾಂಗಣದಲ್ಲಿ ಯುವ ಪೈಲ್ವಾನನೊಬ್ಬ ಹಲ್ಲೆಗೆ ಸಿಕ್ಕಿ ಸತ್ತ. ಆ ಸಾವನ್ನು ಯಾವ ವಾದವೂ ಹಗುರ ಮಾಡಲಾರದು. ಆದರೆ ಅದು ನಡೆದದ್ದು ರಾತ್ರಿ, ವಾಹನ ನಿಲ್ಲಿಸುವ ಜಾಗದಲ್ಲಿ, ಪಂಚನೂ ಪ್ರೇಕ್ಷಕನೂ ಇಲ್ಲದ ಕಡೆ. ಕುಸ್ತಿ ಕಲಿತ ಮಾತ್ರಕ್ಕೆ ಮನುಷ್ಯ ಹಿರಿಯನಾಗುವುದಿಲ್ಲ, ಕಣದ ಕಟ್ಟಳೆ ಇದ್ದಲ್ಲಿ ಮಾತ್ರ ಆಗುತ್ತಾನೆ ಎಂಬುದಕ್ಕೆ ಅದು ನೋವಿನ ಸಾಕ್ಷಿ. ಇನ್ನೂ ಹತ್ತಿರದ ಸಾಕ್ಷಿ ಕೊಲ್ಹಾಪುರದ ಫುಟ್‌ಬಾಲ್. ಆ ಊರಿನ ತಂಡಗಳ ಹೆಸರುಗಳಲ್ಲಿಯೇ ಇತಿಹಾಸವಿದೆ: ಪಾಟಾಕಡಿಲ್ ತಾಲೀಮ್, ದಿಲ್‌ಬಹಾರ್ ತಾಲೀಮ್, ಬಾಲಗೋಪಾಲ ತಾಲೀಮ್, ಖಂಡೋಬಾ ತಾಲೀಮ್. ಪೈಲ್ವಾನರನ್ನು ಬೆಳೆಸಿದ ಪೇಟೆಯ ತಾಲೀಮುಗಳೇ ಚೆಂಡಿನ ತಂಡಗಳನ್ನೂ ಕಟ್ಟಿದವು. ಶಾಹು ಕ್ರೀಡಾಂಗಣದಲ್ಲಿ ಇವುಗಳ ಪಂದ್ಯ ನಡೆದಾಗ ಬೆಂಬಲಿಗರು ಬಡಿದಾಡಿಕೊಂಡ ಸುದ್ದಿ ಮತ್ತೆ ಮತ್ತೆ ಬಂದಿದೆ. ಅದೇ ಪೇಟೆ, ಅದೇ ಮನೆತನಗಳು, ಅದೇ ಖಂಡೋಬನ ಹೆಸರು. ಬದಲಾದದ್ದು ಆಟದ ಏರ್ಪಾಡು. ಅಲ್ಲಿ ಪೈಪೋಟಿ ಹನ್ನೊಂದು ಜನರ ನಡುವೆ ಹಂಚಿಹೋಗಿದೆ, ಗ್ಯಾಲರಿಯಲ್ಲಿ ಕೂತವನಿಗೆ ಹೊಣೆಯಿಲ್ಲ, ವಸ್ತಾದನ ಮಾತು ಅಲ್ಲಿಯವರೆಗೆ ತಲುಪುವುದಿಲ್ಲ. ಜನರ ಸ್ವಭಾವವೇ ಕಾರಣವಾಗಿದ್ದರೆ ಮಣ್ಣಿನಲ್ಲೂ ಮೈದಾನದಲ್ಲೂ ಒಂದೇ ನಡತೆ ಕಾಣಬೇಕಿತ್ತು.

ಇನ್ನೊಂದು ಆಕ್ಷೇಪ ಹಣದ್ದು. ದೊರೆಗಳ ಅನ್ನ ಉಂಡ ಪೈಲ್ವಾನ ದೊರೆಯ ಮಾನಕ್ಕಾಗಿ ಹಿಡಿಯುತ್ತಿದ್ದ. ಅವನ ಸಂಯಮ ಹೊಟ್ಟೆಪಾಡಿನದು, ಹಿರಿತನದ್ದಲ್ಲ ಎನ್ನುತ್ತಾರೆ. ಸಮ ಬಿಟ್ಟರೆ ಇನಾಮು ಅರ್ಧರ್ಧ, ಮುಂದಿನ ವರ್ಷ ಮತ್ತೆ ಜನ ಸೇರುತ್ತಾರೆ, ಆದ್ದರಿಂದ ಮಾತಾಡಿಕೊಂಡು ಹಿಡಿದ ಕುಸ್ತಿಗಳೂ ಇದ್ದವು ಎಂಬುದೂ ನಿಜ. ಎರಡನ್ನೂ ಒಪ್ಪುತ್ತೇನೆ. ಇನಾಮಿನ ಲೋಭ ಕಂಡಾಗ ಪಂಚರು ಜೋಡಿ ಬಿಡಿಸಿ ಬರಿಗೈಲಿ ಕಳಿಸುತ್ತಾರೆ. ಪ್ರತಿ ಸಲವೂ ಅವರ ಕಣ್ಣಿಗೆ ಬೀಳುತ್ತದೆ ಎನ್ನಲಾಗದು. ಆದರೆ ಸಂಯಮಕ್ಕೆ ಲಾಭದ ಕಾರಣವೂ ಇತ್ತು ಎಂದ ಮಾತ್ರಕ್ಕೆ ಅದು ಸಂಯಮವಲ್ಲ ಎಂದಾಗುವುದಿಲ್ಲ. ಒಳ್ಳೆಯ ನಡತೆಯನ್ನು ಬರೀ ಒಳ್ಳೆಯ ಮನಸ್ಸಿನ ಮೇಲೆ ನಿಲ್ಲಿಸಿದ ಸಮಾಜಕ್ಕಿಂತ, ಅದರಿಂದ ಎಲ್ಲರಿಗೂ ಒಂದಿಷ್ಟು ಲಾಭವಾಗುವಂತೆ ಏರ್ಪಾಡು ಮಾಡಿದ ಸಮಾಜವೇ ಹೆಚ್ಚು ತಿಳಿದದ್ದು ಎಂದು ನನಗೆ ಅನಿಸುತ್ತದೆ.

ಈ ಏರ್ಪಾಡು ಈಗ ಸಡಿಲವಾಗುತ್ತಿದೆ. ಪದಕದ ದಾರಿ ಮ್ಯಾಟಿನ ಮೇಲಿದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದ ಖಾಶಾಬಾ ಜಾಧವ ಕರಾಡ ಬಳಿಯ ಗೋಳೇಶ್ವರದಿಂದ ಕೊಲ್ಹಾಪುರಕ್ಕೆ ಬಂದವರೇ, ಅವರ ಕಾಲದಿಂದಲೂ ನಮ್ಮ ಮಣ್ಣಿನ ಹುಡುಗರಿಗೆ ಮ್ಯಾಟಿನ ಆಟವನ್ನು ಬೇರೆಯಾಗಿಯೇ ಕಲಿಯಬೇಕಾಗಿದೆ. ಅಲ್ಲಿ ಆರು ನಿಮಿಷ, ಅಂಕ, ಎಚ್ಚರಿಕೆ, ವಿಡಿಯೊ ನೋಡಿ ತೀರ್ಪು ಎಲ್ಲ ಇವೆ, ಮತ್ತು ತೀರ್ಪಿನ ಮಟ್ಟಿಗೆ ಅವು ಹಳೆಯ ಪಂಚಗಿರಿಗಿಂತ ಮೇಲು. ಅಲ್ಲಿ ಇಲ್ಲದ್ದು ಮುಂದಿನ ದಿನಾಂಕ. ಡ್ರಾ ಎತ್ತಿದಂತೆ ಜೋಡಿ; ಸೋಲಿಸಿದವನು ಮತ್ತೆ ಎದುರು ಸಿಗುತ್ತಾನೋ ಇಲ್ಲವೋ. 2015ರಲ್ಲಿ ಶುರುವಾದ ಪ್ರೊ ಕುಸ್ತಿ ಲೀಗಿನಲ್ಲಿ ಮಲ್ಲ ಹಿಡಿದದ್ದು ಹರಾಜಿನಲ್ಲಿ ಕೊಂಡ ತಂಡಕ್ಕಾಗಿ, ಊರಿಗಾಗಿ ಅಲ್ಲ. ಸೋಲಿನ ಕಹಿ ಮೊಬೈಲಿನ ಬೈಗುಳಕ್ಕೆ ತಿರುಗುತ್ತಿರುವುದು ಇಂಥ ಕಡೆಯೇ. ಜಾತ್ರೆಯ ಕುಸ್ತಿ ಮಾತ್ರ ಅಥಣಿ, ಕಾಗವಾಡ, ರಾಯಬಾಗ ತಾಲೂಕುಗಳಲ್ಲಿ ಇನ್ನೂ ಜನ ಸೇರಿಸುತ್ತಿದೆ. ಅದನ್ನು ನಡೆಸುವ ಕಮಿಟಿಗಳು ಇನಾಮಿನ ಮೊತ್ತ ಏರಿಸಿ ದೂರದ ದೊಡ್ಡ ಹೆಸರುಗಳನ್ನು ಒಂದು ದಿನಕ್ಕೆ ಕರೆಸುವುದಕ್ಕಿಂತ, ಆ ಹಣದ ಒಂದು ಪಾಲನ್ನು ಸಮ ಬಿಟ್ಟ ಸ್ಥಳೀಯ ಜೋಡಿಗಳ ಹೆಸರಿನಲ್ಲಿ ಎತ್ತಿಟ್ಟು, ಮುಂದಿನ ವರ್ಷ ಅದೇ ಕಣಕ್ಕೆ ಇಬ್ಬರೂ ಬಂದು ಹಿಡಿದರೆ ಮಾತ್ರ ಕೊಡುವ ಕರಾರು ಮಾಡಬಹುದು. ಆ ಕರಾರನ್ನು ಮೈಕಿನಲ್ಲಿ ಎಲ್ಲರೆದುರು, ಇಬ್ಬರು ವಸ್ತಾದರನ್ನೂ ನಿಲ್ಲಿಸಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೇಳಬೇಕು.